ಮೈಗೆ ಸೇರಿದ್ದು, ಮನಸ್ಸಿಗೆ ಸೇರಿದ್ದು

ಜೂನ್ 3

ಅಕ್ಕಾ,

ಕೆಲಸ ಸಿಕ್ಕಿತು. ಸಾಹಿತ್ಯ ಓದಿದವಳಿಗೆ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ನಗುತ್ತೀಯ, ನಗು. ಮೊದಲ ದಿನ ನಾನೂ ಬಾಗಿಲವರೆಗೆ ಹೋಗಿ, ತಪ್ಪು ವಿಳಾಸಕ್ಕೆ ಬಂದೆನೇನೋ ಎಂದು ವಾಪಸು ಹೊರಟಿದ್ದೆ. ರಕ್ತ ತೆಗೆಯುವ ನರ್ಸಮ್ಮ ತೋಳು ಹಿಡಿದು ಒಳಗೆ ಎಳೆದುಕೊಂಡರು. "ನೀನೇನಾ ಮಾತು ಬರೆಯೋಳು? ಬಾ ತಾಯಿ. ಇಲ್ಲಿ ಎಲ್ಲರೂ ಸೂಜಿ ಹಿಡಿಯೋರೇ, ಕಿವಿ ಕೊಡೋರು ಒಬ್ಬರೂ ಇಲ್ಲ."

ಇಲ್ಲಿ ಮಂಪರಬೇರು ಎಂಬ ಬೇರನ್ನು ಪರೀಕ್ಷೆ ಮಾಡುತ್ತಿದ್ದಾರೆ. ನಿದ್ದೆ ಬಾರದವರಿಗೆ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವವರಿಗೆ ಹಿಂದಿನವರು ಅರೆದು ಕೊಡುತ್ತಿದ್ದರಂತೆ. ಅದು ನಿಜವಾಗಿ ಕೆಲಸ ಮಾಡುತ್ತದೋ ಬರೀ ನಂಬಿಕೆಯೋ ನೋಡಬೇಕು. ಬಂದವರಲ್ಲಿ ಅರ್ಧ ಜನರಿಗೆ ಬೇರಿನ ಪುಡಿ, ಉಳಿದವರಿಗೆ ಅದೇ ಬಣ್ಣದ ಹಿಟ್ಟು. ಯಾರಿಗೆ ಯಾವುದು ಹೋಗುತ್ತಿದೆ ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ನನ್ನ ಕೆಲಸ ಅವರ ಎದುರು ಕೂತು, ಅವರು ಹೇಳಿದ್ದನ್ನು ಬರೆದುಕೊಂಡು, ಎರಡು ಕಾಲಂಗಳಿಗೆ ಹಂಚುವುದು. ಒಂದು ಮೈ, ಇನ್ನೊಂದು ಮನಸ್ಸು. ತಲೆನೋವು, ವಾಂತಿ ಇವೆಲ್ಲ ಮೈಗೆ. ಹೆದರಿಕೆ, ಬೇಸರ ಮನಸ್ಸಿಗೆ. ಮೈ ಕಾಲಂ ಇರುವ ಹಾಳೆಯನ್ನು ದೊಡ್ಡ ಡಾಕ್ಟರು ದಿನವೂ ಸಂಜೆ ನೋಡುತ್ತಾರೆ. ಮನಸ್ಸಿನದು ಕಟ್ಟು ಕಟ್ಟಾಗಿ ಕಪಾಟಿಗೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಒಟ್ಟಿಗೆ ತೆಗೆಯುವುದಂತೆ.

ಜನ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಕ್ಕ! ಒಬ್ಬರು ಲಿಫ್ಟ್ ನಡೆಸುವವರು. ಮಗಳು ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗಿನಿಂದ ಅವರಿಗೆ ನಿದ್ದೆಯಿಲ್ಲ. "ದಿನಾ ಊರವರನ್ನೆಲ್ಲ ಮೇಲೆ ಹತ್ತಿಸ್ತೀನಿ ತಾಯಿ, ನಾನು ಮಾತ್ರ ಕೆಳಗೆ ಕೆಳಗೆ ಇಳೀತಿದ್ದೀನಿ" ಎಂದರು. ಬರೆದುಕೊಳ್ಳುವಾಗ ನನ್ನ ಪೆನ್ನು ನಿಂತುಹೋಯಿತು.

ನೀನು ಹೇಗಿದ್ದೀಯ? ಡಬ್ಬದ ಕಾರ್ಖಾನೆಯ ಸದ್ದಿಗೆ ಕಿವಿ ಹೋಗಿದ್ದು ಹೋಯಿತು, ನಿದ್ದೆಯನ್ನಾದರೂ ಉಳಿಸಿಕೋ. ಹೋದ ಪತ್ರದಲ್ಲಿ ನೀನು ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ ಎಂದು ಬರೆದಿದ್ದೆ. ಯಾಕೆಂದು ಬರೆಯಲಿಲ್ಲ.

ನಿನ್ನ ತಂಗಿ


ಜೂನ್ 11

ಗುಮ್ಮನಗುಸುಕಿ,

ಒಂದು ಮಾತಾಡೋಕೆ ನಾಲ್ಕು ಸಲ ಉಗುಳು ನುಂಗೋಳು ನೀನು, ನಿನಗೆ ಊರವರ ಮಾತು ಹಂಚೋ ಕೆಲಸ! ಇರಲಿ, ಖುಷಿಯಾಯ್ತು. ಕೆಳಗಿನ ಮನೆ ಇಸ್ತ್ರಿಯಮ್ಮನಿಗೆ ಹೇಳಿದೆ. "ಅಯ್ಯೋ, ಆ ಹುಡುಗಿ ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತೆ ಅನ್ನೋ ಹಾಗಿತ್ತಲ್ಲ" ಅಂದಳು. ಅವಳು ಅಂದದ್ದು ನನಗೆ ಕೇಳಿಸಲಿಲ್ಲ, ಇಸ್ತ್ರಿ ಬಟ್ಟೆಯ ಚೀಟಿ ಹಿಂದೆ ಬರೆದು ತೋರಿಸಿದಳು.

ಯಾಕೆ ಅಂತ ಕೇಳಿದ್ದೀಯ. ನನ್ನ ಪಕ್ಕದ ತಗಡು ಒತ್ತೋ ಪ್ರೆಸ್ಸಿನಲ್ಲಿ ಒಬ್ಬಳಿದ್ದಳಲ್ಲ, ಚಿನಕುರುಳಿ ಅಂತಿದ್ದೆವಲ್ಲ, ಅವಳ ಕೈ ಮಿಶಿನ್ನಿಗೆ ಸಿಕ್ಕಿತು. ನಾಲ್ಕು ಬೆರಳು. ನನಗೆ ಕಿರುಚಿದ್ದು ಕೇಳಿಸಲಿಲ್ಲ. ತಗಡಿನ ಮೇಲೆ ಕೆಂಪಾಗಿದ್ದು ಕಂಡು ಯಾರೋ ಬಣ್ಣ ಚೆಲ್ಲಿದ್ದಾರೆ ಅಂತ ಬೈಯ್ಯೋಕೆ ತಿರುಗಿದೆ.

ಹೆದರಿಕೆ ಅಂತೇನಲ್ಲ. ಎರಡೂ ಕೈ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀನಿ ಅಷ್ಟೆ. ಆದರೆ ನಿದ್ದೆ ಆಗದಿದ್ದರೆ ಬೆಳಿಗ್ಗೆ ಮಿಶಿನ್ ಮುಂದೆ ತೂಕಡಿಕೆ ಬರುತ್ತೆ, ತೂಕಡಿಸಿದರೆ ನನ್ನದೂ ಅದೇ ಕಥೆ. ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ಆ ಬೇರು ಒಂದು ಹಿಡಿ ಕಳಿಸು.

ಅಕ್ಕ


ಜೂನ್ 18

ಅಕ್ಕಾ,

ನಿನ್ನ ಪತ್ರ ಓದಿ ಊಟದ ಡಬ್ಬಿ ಮುಚ್ಚಿಟ್ಟೆ. ಆಮೇಲೆ ನಿನ್ನ ಕೈಗಳನ್ನೇ ನೆನೆಯುತ್ತಿದ್ದೇನೆ.

ಬೇರನ್ನು ಇಲ್ಲಿಂದ ಕಳಿಸಲಾರೆ. ಒಂದೊಂದು ಪೊಟ್ಟಣಕ್ಕೂ ಗುರುತು ಹಾಕಿ ಬೀಗದಲ್ಲಿಡುತ್ತಾರೆ. ಅದೇನು ಅಪರೂಪದ್ದಲ್ಲ, ನಾರುಬೇರು ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ ಎಂದರು ನರ್ಸಮ್ಮ. ಆದರೂ ನಮ್ಮ ಪರೀಕ್ಷೆ ಮುಗಿಯುವವರೆಗೆ ಕಾದರೆ ಒಳ್ಳೆಯದೇನೋ ಎಂದು ನನಗನ್ನಿಸುತ್ತದೆ. ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ನಿನಗೆ ತೋಚಿದಂತೆ ಮಾಡು.

ಇಲ್ಲಿ ಅನೇಕರಿಗೆ ನಿದ್ದೆ ಬರುತ್ತಿದೆ. ಕನ್ನಡಕದಂಗಡಿಯ ಯಜಮಾನರು ಕಾಯುವ ಬೆಂಚಿನ ಮೇಲೇ ಗೊರಕೆ ಹೊಡೆದರು. ಲಿಫ್ಟಿನವರೂ ಮಲಗುತ್ತಿದ್ದಾರಂತೆ. "ಕನಸಿನಲ್ಲಿ ಮಗಳು ಬಂದು ಏಳಪ್ಪ ಅಂದಳು, ಏಳಲಿಲ್ಲ ನೋಡಿ ನಾನು" ಎಂದು ನಕ್ಕರು.

ತಂಗಿ


ಜೂನ್ 27

ಗುಮ್ಮನಗುಸುಕಿ,

ನಿದ್ದೆ ಬಂತು ಕಣೇ! ಕಲ್ಲು ಬಾವಿಗೆ ಬಿದ್ದ ಹಾಗೆ. ಇಸ್ತ್ರಿಯಮ್ಮ ಬಾಗಿಲು ಬಡಿದೂ ಬಡಿದೂ, ಕಿವುಡಿ ಮನೆ ಬಾಗಿಲು ಬಡೀತಿದ್ದೀನಲ್ಲ ಅಂತ ತನಗೇ ಬೈದುಕೊಂಡು, ಕಿಟಕಿಯಿಂದ ಕೋಲು ಹಾಕಿ ತಿವಿದಳಂತೆ.

ಮಾರ್ಕೆಟ್ಟಿನ ಹಿಂದೆ ಒಂದು ಅಂಗಡಿ ಇದೆ. ಮಂಪರಬೇರು ಅಂತ ಚೀಟಿಯಲ್ಲಿ ಬರೆದು ಕೊಟ್ಟೆ. ಅಂಗಡಿಯವನು ಕಣ್ಣಿಗೊತ್ತಿಕೊಳ್ಳೋ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಒಂದು ಚಮಚ ಬಿಸಿ ಹಾಲಿಗೆ. ಕಹಿ ಅಂದರೆ ಕಹಿ, ನಾಲಗೆ ಒಳಗೆ ಮಡಚಿಕೊಂಡು ಹೋಗುತ್ತೆ. ಪರವಾಗಿಲ್ಲ. ಬೆಳಿಗ್ಗೆ ಎದ್ದಾಗ ಕೈ ಎರಡೂ ದಿಂಬಿನ ಹೊರಗೇ ಇದ್ದವು.

ಓದಿದ ತಂಗಿ ಇದ್ದರೆ ಇಷ್ಟಾದರೂ ಉಪಯೋಗ ಆಗಬೇಕಲ್ಲ.

ಅಕ್ಕ


ಜುಲೈ 9

ಅಕ್ಕಾ,

ನೀನು ಮಲಗಿದೆ ಎಂದು ಓದಿ ನನಗೂ ಹಗುರಾಯಿತು. ಕಾಯಬೇಕಿತ್ತು ಎಂದು ಇನ್ನು ಹೇಳುವುದಿಲ್ಲ.

ಕೆಲಸ ಈಗ ಕೈಗೆ ಹತ್ತಿದೆ. ಮೊದಲು ಪ್ರತಿ ಮಾತಿಗೂ ನರ್ಸಮ್ಮನ ಮುಖ ನೋಡುತ್ತಿದ್ದೆ, ಈಗ ನಾನೇ ನಿರ್ಧರಿಸುತ್ತೇನೆ. ನಿನ್ನೆ ಲಿಫ್ಟಿನವರು ಬಂದರು. "ಹೊಟ್ಟೆಗೆ ಬೆಂಕಿ ಬಿದ್ದ ಹಾಗಿದೆ ತಾಯಿ. ಕರುಳು ಹಿಡಿದು ಹಿಂಡಿದ ಹಾಗೆ. ಅನ್ನ ಕಂಡರೆ ಆಗೋದಿಲ್ಲ" ಎಂದರು. ಆವತ್ತು ಅವರ ಮಗಳು ಹುಟ್ಟಿದ ದಿನವಂತೆ. ಪಕ್ಕದಲ್ಲಿದ್ದ ಹೊಸ ಹುಡುಗ ಡಾಕ್ಟರು ಮೈ ಕಾಲಂನಲ್ಲಿ ಹೊಟ್ಟೆನೋವು ಎಂದು ಬರೆಯಲು ಹೊರಟಿದ್ದರು. ನಾನು ತಡೆದೆ. ಹೌದು ಅಕ್ಕ, ನಾನೇ, ಬಾಯಿಬಿಟ್ಟು! ಇದು ಹೊಟ್ಟೆಯ ಮಾತಲ್ಲ ಸರ್, ಸಂಕಟದ ಮಾತು, ಹೆತ್ತವರು ಹೀಗೇ ಹೇಳುವುದು ಎಂದೆ. ಅವರು "ಓ, ಸರಿ ಸರಿ" ಎಂದು ಪೆನ್ನು ನನಗೇ ಕೊಟ್ಟರು. ಮನಸ್ಸಿನ ಕಾಲಂನಲ್ಲಿ ಬರೆದೆ.

ಪುಡಿ ತೆಗೆದುಕೊಳ್ಳುವವರಲ್ಲಿ ಇಬ್ಬರು ಬರುವುದು ನಿಲ್ಲಿಸಿದ್ದಾರೆ. ಮದುವೆಗೋ ಮಕ್ಕಳ ಶಾಲೆಗೋ ಇರಬೇಕು.

ತಂಗಿ


ಜುಲೈ 20

ತಂಗೀ,

ನಿದ್ದೆ ಚೆನ್ನಾಗಿ ಬರ್ತಿದೆ. ಈಗ ಹಗಲಲ್ಲೂ ಬರುತ್ತೆ. ರಜದ ದಿನ ಬಟ್ಟೆ ನೆನೆಸಿಟ್ಟು ಹಾಗೇ ಗೋಡೆಗೆ ಒರಗಿದವಳು ಸಂಜೆ ಎದ್ದೆ. ಸಾಲ ಬಾಕಿ ಇದ್ದ ನಿದ್ದೆಯೆಲ್ಲ ಒಟ್ಟಿಗೆ ವಸೂಲಿಗೆ ಬಂದಿದೆ ಅಂತ ಕಾಣುತ್ತೆ.

ನಿನ್ನ ನೆನಪು ಜಾಸ್ತಿ ಆಗಿದೆ. ಊಟಕ್ಕೆ ಕೂತರೆ ತುತ್ತು ಗಂಟಲಲ್ಲಿ ಇಳಿಯೋದಿಲ್ಲ. ನೀನು ಅಲ್ಲಿ ಒಬ್ಬಳೇ ಏನು ತಿಂತೀಯೋ ಅಂತ ಯೋಚನೆ ಬಂದರೆ ಕರುಳು ಕಿವುಚಿದ ಹಾಗಾಗುತ್ತೆ. ಕೈಕಾಲಲ್ಲಿ ಜೀವವೇ ಇಲ್ಲ. ಮೆಟ್ಟಿಲು ಹತ್ತುವಾಗ ಕಾಲ ಕೆಳಗಿನ ನೆಲ ಜಾರಿದ ಹಾಗೆ. ವಯಸ್ಸಾಯ್ತೇನೋ, ನಿನ್ನ ಅಕ್ಕನಿಗೆ.

ಇಸ್ತ್ರಿಯಮ್ಮ ಬೇರೆ ತಮಾಷೆ ಮಾಡ್ತಾಳೆ. "ಏನೇ, ಮೈಗೆ ಬಂಗಾರದ ಬಣ್ಣ ಬಂದಿದೆ? ಯಾರೇ ಅವನು?" ಅಂತ ಬರೆದು ತೋರಿಸಿದಳು. ಆ ಚೀಟಿ ಹರಿದು ಅವಳ ತಲೆ ಮೇಲೇ ಹಾಕಿದೆ.

ಅಕ್ಕ


ಜುಲೈ 26

ಅಕ್ಕಾ,

ನಿನ್ನ ಈ ಪತ್ರವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಬಸ್ಸಿನಲ್ಲಿ ಓದಿದೆ, ಕೆಲಸದ ಮೇಜಿನಲ್ಲಿ ಓದಿದೆ. ಯಾವಾಗಲೂ ಬೈದೇ ಪ್ರೀತಿ ಮಾಡುವವಳು ನೀನು. ಕರುಳು ಕಿವುಚುತ್ತದೆ, ತುತ್ತು ಇಳಿಯುವುದಿಲ್ಲ ಎಂದೆಲ್ಲ ನೀನು ಬರೆಯುವೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ಭಾಷೆಯಲ್ಲಿ ಪ್ರೀತಿ ಇರುವುದೇ ಹೊಟ್ಟೆಯಲ್ಲಿ ಎಂದು ಕಾಣುತ್ತದೆ. ನಿನ್ನದು ಪತ್ರ ಅಲ್ಲ, ಪದ್ಯ.

ನನಗೂ ನಿನ್ನ ನೆನಪು. ಮುಂದಿನ ತಿಂಗಳು ರಜೆ ಕೇಳಿ ಬರುತ್ತೇನೆ. ಅಲ್ಲಿಯವರೆಗೆ ಚೆನ್ನಾಗಿ ಮಲಗು.

ತಂಗಿ


ಜುಲೈ 29

ತಂಗೀ,

ಈ ವಾರ ಕೆಲಸಕ್ಕೆ ಹೋಗಿಲ್ಲ. ನಿನಗೆ ಬರೆಯಬಾರದು ಅಂತಿದ್ದೆ. ಸುಸ್ತು ಕಣೇ. ತಿಂದದ್ದು ನಿಲ್ಲುತ್ತಿಲ್ಲ. ಹೊರಗೆ ಹೋದರೆ ಮೂತ್ರ ಚಹಾದ ಬಣ್ಣ. ಉಷ್ಣ ಇರಬೇಕು.

ಇಸ್ತ್ರಿಯಮ್ಮನ ಕೈಲಿ ಬೇರಿನಂಗಡಿಗೆ ಚೀಟಿ ಕಳಿಸಿ ಕೇಳಿದೆ. ಮೈಯಲ್ಲಿ ನಿದ್ದೆ ಇನ್ನೂ ಪೂರ್ತಿ ಕೂತಿಲ್ಲ, ಅದಕ್ಕೇ ಸುಸ್ತು, ಇನ್ನೊಂದು ಚಮಚ ಜಾಸ್ತಿ ಹಾಕ್ಕೊಳ್ಳಿ ಅಂದನಂತೆ. ಹಾಕ್ಕೊಳ್ತಿದ್ದೀನಿ. ನೀನು ಯೋಚನೆ ಮಾಡಬೇಡ.

ಅಕ್ಕ


ಜುಲೈ 30

ಅಕ್ಕಾ,

ಆ ಬೇರು ನಿಲ್ಲಿಸು. ಈ ಸಾಲು ಓದಿದ ಕೂಡಲೇ ನಿಲ್ಲಿಸು. ಮುಂದಿನದು ಆಮೇಲೆ ಓದು.

ಇವತ್ತು ಬೆಳಿಗ್ಗೆ ಲಿಫ್ಟಿನವರನ್ನು ಇಬ್ಬರು ಹಿಡಿದುಕೊಂಡು ಬಂದರು. ನರ್ಸಮ್ಮ ರೆಪ್ಪೆ ಎಳೆದು ನೋಡಿದರು. ಕಣ್ಣು ನಿಂಬೆಹಣ್ಣಿನಷ್ಟು ಹಳದಿ. ದೊಡ್ಡ ಡಾಕ್ಟರು ಓಡಿ ಬಂದು "ಯಾವಾಗಿನಿಂದ ಹೀಗೆ? ಯಾಕ್ರೀ ಹೇಳಲಿಲ್ಲ?" ಎಂದು ಗದರಿದರು. ಲಿಫ್ಟಿನವರು ನನ್ನ ಕಡೆ ಬೆರಳು ತೋರಿಸಿದರು. ಸಿಟ್ಟಿನಿಂದಲ್ಲ ಅಕ್ಕ. "ತಾಯಿಗೆ ಹೇಳ್ತಾನೇ ಇದ್ದೀನಲ್ಲ ಡಾಕ್ಟ್ರೇ, ಹೊಟ್ಟೆಗೆ ಬೆಂಕಿ ಬಿದ್ದಿದೆ ಅಂತ. ತಾಯಿ ಬರ್ಕೊಂಡರಲ್ಲ."

ನಾನು ಬರೆದುಕೊಂಡೆ. ತಪ್ಪು ಕಡೆ ಬರೆದುಕೊಂಡೆ. ಅದು ಹೊಟ್ಟೆಯ ಮಾತೇ ಆಗಿತ್ತು. ಆ ಬೇರು ಅವರ ಲಿವರನ್ನೇ ತಿನ್ನುತ್ತಿತ್ತು, ನಾನು ಅದರಲ್ಲಿ ಮಗಳ ಮೇಲಿನ ಸಂಕಟ ಕಂಡು ಹಿಗ್ಗುತ್ತಿದ್ದೆ.

ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಕಪಾಟಿನ ಕಡೆ ಕೈ ತೋರಿಸಿದೆ. ಮನಸ್ಸಿನ ಕಟ್ಟುಗಳನ್ನು ಬಿಚ್ಚಿ ಒಂದೊಂದಾಗಿ ಓದಿದೆವು. ಎದೆಗೆ ಕಲ್ಲು ಹೇರಿದ ಹಾಗೆ. ಕೈಕಾಲು ತಣ್ಣಗಾದ ಹಾಗೆ. ಜೀವ ಬಾಯಿಗೆ ಬಂದ ಹಾಗೆ. ಇವರೆಲ್ಲ ಹೆದರಿಕೆಯ ಮಾತು ಹೇಳುತ್ತಿದ್ದಾರೋ ಕಾಯಿಲೆಯ ಮಾತೋ ನನಗೆ ಈಗ ಗೊತ್ತಾಗುತ್ತಿಲ್ಲ. ಎರಡಕ್ಕೂ ನಮ್ಮಲ್ಲಿ ಇರುವುದು ಒಂದೇ ಮಾತು. ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಮುಖ ಉಜ್ಜಿಕೊಂಡು "ಎಲ್ಲರನ್ನೂ ಕರೆಸಿ. ಪುಡಿ ಇವತ್ತೇ ನಿಲ್ಲಲಿ" ಎಂದರು. ಆಮೇಲೆ ನಿನ್ನ ಆ ಕರುಳು ಕಿವುಚುವ ಪತ್ರ ನೆನಪಾಯಿತು. ಚೀಲದಲ್ಲೇ ಇತ್ತು.

ಕಾರ್ಖಾನೆಗೆ ಫೋನು ಮಾಡಿದೆ. ಗೇಟಿನವನು "ಆ ಕಿವುಡಮ್ಮನಾ? ಈ ವಾರ ಬಂದಿಲ್ಲ" ಎಂದ. ಯಾರಾದರೂ ಮನೆಗೆ ಹೋಗಿ ಅವಳನ್ನು ಆಸ್ಪತ್ರೆಗೆ ಸೇರಿಸಿ ಎಂದು ಬೇಡಿಕೊಂಡೆ. "ನೋಡೋಣ" ಎಂದ. ಮತ್ತೆ ಮಾಡಿದೆ, ಯಾರೂ ಎತ್ತಲಿಲ್ಲ.

ಇಲ್ಲಿರುವವರ ಮಾತುಗಳನ್ನು ಬಲ್ಲವಳು ನಾನೊಬ್ಬಳೇ ಎಂದು ಡಾಕ್ಟರು ಇವತ್ತು ಹೋಗಲು ಬಿಡುತ್ತಿಲ್ಲ. ನಾಳೆ ಮೊದಲ ರೈಲು. ಈ ಪತ್ರ ತುರ್ತು ಅಂಚೆಯಲ್ಲಿ ಬರುತ್ತದೆ. ನಮ್ಮಿಬ್ಬರಲ್ಲಿ ಯಾರು ಮೊದಲು ಮುಟ್ಟುತ್ತೇವೋ. ಪತ್ರ ಮುಟ್ಟಿದರೆ ಇಸ್ತ್ರಿಯಮ್ಮನಿಗೆ ತೋರಿಸು. ಇಸ್ತ್ರಿಯಮ್ಮಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಅವಳ ಮೈಯ ಬಣ್ಣ ಬಂಗಾರದ್ದಲ್ಲ. ಎತ್ತಿಕೊಂಡಾದರೂ ಆಸ್ಪತ್ರೆಗೆ ಹೋಗಿ. ಉಳಿದ ಬೇರನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.

ತಂಗಿ


ಆಗಸ್ಟ್ 1, ಬೆಳಿಗ್ಗೆ
(ವಾರ್ಡಿನಲ್ಲಿ, ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ಚೀಟಿಗಳು)

ಅಕ್ಕಾ, ನಾನು. ಕಣ್ಣು ಬಿಟ್ಟೆಯಲ್ಲ, ಸಾಕು. ಪತ್ರವೇ ಮೊದಲು ಮುಟ್ಟಿತು. ಇಸ್ತ್ರಿಯಮ್ಮ ಬಟ್ಟೆ ಸಾಗಿಸುವ ಗಾಡಿಯಲ್ಲಿ ನಿನ್ನನ್ನು ಇಲ್ಲಿಗೆ ತಂದಳಂತೆ. ಏನಾದರೂ ಬರಿ, ನೋಡೋಣ.

—

ಗಾಡಿಯಲ್ಲಿ ಸುಕ್ಕಾಗ್ತೀಯ, ಸರಿಯಾಗಿ ಮಲಗು ಅನ್ನೋ ಹಾಗೆ ದಾರಿಯುದ್ದಕ್ಕೂ ನನ್ನನ್ನೇ ಮಡಚ್ತಾ ಬಂದಳು. ನೀನು ಯಾಕೆ ಬಂದೆ? ಕೆಲಸ ಹೋಗುತ್ತೆ.

—

ಹೋಗಲಿ. ಇನ್ನೊಂದು ಸ್ವಲ್ಪ ಬರಿ. ಏನಾದರೂ.


ಆಗಸ್ಟ್ 1, ಮಧ್ಯಾಹ್ನ

ಅಕ್ಕಾ, ಮಲಗಬೇಡ. ಬರಿ.

—

ಮಲಗು ಮಲಗು ಅಂತ ತಿಂಗಳಾನುಗಟ್ಟಲೆ ಬರೆದವಳು ಈಗ ಮಲಗಬೇಡ ಅಂತೀಯ. ಏನಿದು, ಗಳಿಗೆಗೊಂದು ಸಲ ಕಾಪಿ ಬರೆಸ್ತಿದ್ದೀಯ? ಮೇಷ್ಟ್ರಾದೆಯಾ?

—

ನಿನ್ನ ಅಕ್ಷರ ನೋಡುವುದಕ್ಕೆ ಆಸೆ. ಅಷ್ಟೆ.

—

ಸುಳ್ಳಿ. ಕಿಟಕಿ ಪರದೆ ಎಳಿ, ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಪಕ್ಕದ ಮಂಚದ ಅಜ್ಜಿ ನನ್ನ ಸೇಬು ಕದ್ದಳು.


ಆಗಸ್ಟ್ 1, ಸಂಜೆ

ಅಕ್ಕಾ, ಅಜ್ಜಿ ಈಗ ಏನು ಮಾಡುತ್ತಿದ್ದಾಳೆ? ನೋಡಿ ಬರಿ.

—

ಪಕದ ಅಜಿ ಕೆಮುತಾಳೆ ಸೇಬು ತಿನುತಾಳೆ

—

ಅಕ್ಕಾ, ಅದನ್ನೇ ಇನ್ನೊಂದು ಸಲ ಬರಿ. ನಿಧಾನವಾಗಿ. ನನ್ನನ್ನು ನೋಡು. ಬರಿ.

—

ಅಕ ಬರಿ ಅಂದರೆ ಅಕ ಬರ


ಆಗಸ್ಟ್ 2

ಅಕ್ಕಾ,

ಕಣ್ಣು ತೆರೆದಾಗ ಕಾಣಲೆಂದು ಇದನ್ನು ನಿನ್ನ ದಿಂಬಿಗೆ ಚುಚ್ಚಿಡುತ್ತಿದ್ದೇನೆ. ನಿನಗೆ ಆಯಾಸವಾಗಿದೆ, ಬೇರೇನೂ ಇಲ್ಲ. ಡಾಕ್ಟರು ಬಂದು ಔಷಧಿ ಬದಲಾಯಿಸಿದರು. ಮೂಗಿನಲ್ಲಿರುವ ಕೊಳವೆ ಎಳೆಯಬೇಡ. ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದಾರೆ, ಹೆದರಬೇಡ, ನಿನ್ನ ಎರಡೂ ಕೈ ಇವೆ. ನಾನು ಹಿಡಿದುಕೊಂಡೇ ಇದ್ದೇನೆ.

ನರ್ಸಮ್ಮನಿಗೆ ಫೋನು ಮಾಡಿದ್ದೆ. ಕನ್ನಡಕದಂಗಡಿಯವರು ಚೆನ್ನಾಗಿದ್ದಾರಂತೆ, ಅವರಿಗೆ ಹೋಗಿದ್ದು ಹಿಟ್ಟಂತೆ. ಲಿಫ್ಟಿನವರ ಮಗಳನ್ನು ಹುಡುಕಿ ಕರೆಸಿದ್ದಾರಂತೆ. ಯಾಕೆ ಕರೆಸಿದರು ಎಂದು ನಾನು ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ.

ತಂಗಿ


ಆಗಸ್ಟ್ 4

ತಂಗೀ,

ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೀಯ. ಬಾಯಿ ಬೇರೆ ತೆರೆದಿದೆ. ಕಟ್ಟಿದ ಕೈ ಬಿಚ್ಚಿಕೊಟ್ಟು ಹೋದರು. ನಿನ್ನನ್ನು ಎಬ್ಬಿಸದೆ ಬರೀತಿದ್ದೀನಿ. ಇದು ನೀನು ಬರಿ ಅಂದದ್ದಕ್ಕೆ ಬರೆದದ್ದಲ್ಲ.

ನೀನು ಬಂದ ದಿನ ಡಾಕ್ಟರು ಬಾಗಿಲ ಹತ್ತಿರ ನಿಂತು ನಿನ್ನ ಜೊತೆ ಮಾತಾಡಿದರಲ್ಲ, ಅವರು ನನಗೆ ಬೆನ್ನು ಮಾಡಿ ನಿಲ್ಲಬೇಕಿತ್ತು. ಪ್ರೆಸ್ಸಿನ ಸದ್ದಿನಲ್ಲಿ ಇಷ್ಟು ವರ್ಷ ತುಟಿ ನೋಡಿಯೇ ಜಗಳ ಆಡಿದವಳು ನಾನು. ಇಸ್ತ್ರಿಯಮ್ಮನ ಬಾಯಲ್ಲಿ ಹಲ್ಲಿಲ್ಲ, ಅವಳ ಮಾತು ಸಿಕ್ಕೋದಿಲ್ಲ. ಡಾಕ್ಟರದು ಅಕ್ಷರ ಅಕ್ಷರ ಸಿಕ್ಕಿತು. "ಆಗಾಗ ಬರೆಸ್ತಾ ಇರಿ. ವಿಷ ತಲೆಗೆ ಏರೋಕೆ ಶುರುವಾದರೆ ಮೊದಲು ಬರವಣಿಗೆ ಕೆಡುತ್ತೆ. ಆಮೇಲೆ ನಿದ್ದೆ ಬರುತ್ತೆ. ಆ ನಿದ್ದೆಗೆ ಜಾರಿದರೆ ವಾಪಸು ತರೋದು ಕಷ್ಟ." ನೀನು ತಲೆ ಆಡಿಸಿ, ಮುಖ ಒರೆಸಿಕೊಂಡು, ನಗ್ತಾ ನನ್ನ ಹತ್ತಿರ ಬಂದೆ.

ಅದಕ್ಕೇ ನಾನೂ ನಗ್ತಾ ಬರೆದೆ. ಪ್ರತಿ ಒತ್ತಕ್ಷರ ಬರೆಯೋ ಮುಂಚೆ ಒಳಗೊಳಗೇ ಕಾಗುಣಿತ ಹೇಳ್ಕೊಂಡೆ. ತಮಾಷೆ ಹುಡುಕಿ ಹುಡುಕಿ ಬರೆದೆ, ತಮಾಷೆ ಮಾಡೋಳಿಗೆ ಏನೂ ಆಗಿಲ್ಲ ಅಂತ ನೀನು ಅಂದುಕೊಳ್ಳಲಿ ಅಂತ. ಚೀಟಿ ಕೊಟ್ಟು ನಿನ್ನ ಮುಖವನ್ನೇ ನೋಡ್ತಿದ್ದೆ. ಮಿಶಿನ್ನಿನ ಹೆದರಿಕೆ ಏನೂ ಅಲ್ಲ ಕಣೇ. ನಿನ್ನ ಮುಖ ನೋಡೋದಿತ್ತಲ್ಲ, ಅದು ಹೆದರಿಕೆ.

ಸಂಜೆ ಒಂದು ಚೀಟಿ ನೋಡಿ ನಿನ್ನ ತುಟಿ ಬಿಳಿಚಿಕೊಂಡಿತು. ಆಮೇಲಿನದು ನನಗೆ ನೆನಪಿಲ್ಲ. ಇವತ್ತು ಆ ಚೀಟಿ ನಿನ್ನ ಚೀಲದಿಂದ ಎಳೆದು ನೋಡಿದೆ. ಈಗ ತಪ್ಪು ಕಾಣುತ್ತೆ. ಆದರೆ ಬರೆದಾಗ ಅದು ಸರಿಯಾಗೇ ಇತ್ತು. ಒಂದೊಂದು ಒತ್ತನ್ನೂ ಕೊಟ್ಟೇ ಬರೆದಿದ್ದೆ, ದೇವರಾಣೆ.

ಈ ಪತ್ರವೂ ನನಗೆ ಸರಿಯಾಗೇ ಕಾಣ್ತಿದೆ. ಎರಡು ಸಲ ಓದಿದೆ. ಕಣ್ಣು ಎಳೀತಿದೆ. ಸುಮ್ಮನೆ ನಿದ್ದೆಯೋ, ಆ ನಿದ್ದೆಯೋ, ನನಗೆ ಗೊತ್ತಾಗೋದಿಲ್ಲ. ಅದನ್ನು ಹೇಳೋಕೆ ನೀನೇ ಬೇಕು.

ಎದ್ದ ತಕ್ಷಣ ಓದು. ಒಂದಾದರೂ ತಪ್ಪಿದ್ದರೆ ನನಗೆ ತೋರಿಸ್ತಾ ನಿಲ್ಲಬೇಡ. ಓಡು.

ಅಕ್ಕ